ಬಿಂದುಶ್ರೀ ಫಾರಿನ್ನಿಗೆ ಹೋಗಿದ್ದ ಎರಡು ತಿಂಗಳು

ನನ್ನ ತಮ್ಮ ಶಿವಮಲ್ಲಪ್ಪನ ಮಗಳು ಬಿಂದುಶ್ರೀಗೆ ಚಿಕ್ಕಂದಿನಿಂದ ಇದ್ದದ್ದು ಒಂದೇ ಆಸೆ. ನಮ್ಮ ತವರೂರು ಹೆಡತಲೆಯ ಸ್ಕೂಲಿನಲ್ಲಿ ಟೀಚರ್ ಆಗಬೇಕು. ಬೇರೆ ಊರಿನ ಸ್ಕೂಲಲ್ಲ, ತಾನು ಓದಿದ ಅದೇ ಸ್ಕೂಲು. ನಾನು ಮದುವೆಯಾಗಿ ಹದಿನಾರು ಅನ್ನೋ ಊರಿಗೆ ಬಂದವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಬಿಂದು ರಜಕ್ಕೆಲ್ಲ ಬಂದು ನನ್ನ ಜೊತೆ ಇರುತ್ತಿದ್ದಳು. ಜಗಲಿಗೆ ಜೋಳದ ದಂಟು ಸಾಲಾಗಿ ಒರಗಿಸಿ ಹಾಜರಿ ಕೂಗೋಳು. ಒಂದು ದಂಟು ಬಿದ್ದರೆ, "ಯಾಕೆ ತೂಕಡಿಸ್ತೀಯ? ಬೆಳಿಗ್ಗೆ ಏನೂ ತಿಂದಿಲ್ವಾ?" ಅಂತ ಎತ್ತಿ ನಿಲ್ಲಿಸೋಳು. ನಮ್ಮ ಕಾಲದ ಮೇಷ್ಟ್ರು ಹಾಗೆ ಕೇಳಿದ್ದರೆ ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಡುತ್ತಿರಲಿಲ್ಲ.

ದೊಡ್ಡವಳಾಗಿ ನರಸೀಪುರದ ಒಂದು ಕಾಲೇಜಿನಲ್ಲಿ ಬಿ.ಎಡ್. ಸೇರಿದಳು. ಪಾಠ ಮಾಡಿ ಅಭ್ಯಾಸವಾಗಲಿ ಅಂತ ಕಾಲೇಜಿನವರು ಸ್ಕೂಲುಗಳಿಗೆ ಕಳಿಸ್ತಾರಲ್ಲ, ಇವಳು ಹಟ ಹಿಡಿದು ಹೆಡತಲೆಗೇ ಹಾಕಿಸಿಕೊಂಡಳು. ಅಲ್ಲಿನ ಹೆಡ್‌ಮಾಸ್ಟರು ಮಹೇಂದ್ರ ಅಂತ. "ಓದು ಮುಗಿಸ್ಕೊಂಡು ಬಾರಮ್ಮ, ಜೂನ್‌ನಲ್ಲಿ ಗೆಸ್ಟ್ ಟೀಚರ್ ಜಾಗ ಇದೆ, ನಿಂಗೇ ಕೊಡಿಸ್ತೀನಿ" ಅಂದಿದ್ದರು. ಅಷ್ಟಕ್ಕೇ ಆ ಹುಡುಗಿ ನೆಲದ ಮೇಲೆ ನಿಲ್ಲಲಿಲ್ಲ.

ಅಷ್ಟರಲ್ಲಿ ಆ ಕಾಲೇಜಿನವರು ಫಿನ್‌ಲ್ಯಾಂಡ್ ಅನ್ನೋ ದೇಶದ ಜೊತೆ ಏನೋ ಒಪ್ಪಂದ ಮಾಡಿಕೊಂಡರು. ಕೊನೇ ಪರೀಕ್ಷೆ ಮುಗಿಸಿದ ಇಬ್ಬರು ಅಲ್ಲಿಗೆ ಹೋಗಿ, ಎರಡು ತಿಂಗಳು ಅಲ್ಲಿನ ಟೀಚರ್‌ಗಳ ಪಕ್ಕ ಕೂತು ಪಾಠ ಹೇಳೋದು ಕಲಿತು ಬರಬೇಕು. ಬಿಂದುವಿನ ಹೆಸರು ಬಂತು. "ಅತ್ತೆ, ಅಲ್ಲಿ ಚಿಕ್ಕ ಮಕ್ಕಳಿಗೆ ಪರೀಕ್ಷೆನೇ ಇಲ್ವಂತೆ. ಹೆದರಿಸದೆ ಹೆಂಗೆ ಓದಿಸ್ತಾರೋ ನೋಡ್ಬೇಕು" ಅಂದಳು.

ನನ್ನ ತಮ್ಮನಿಗೆ ತಡೆಯಲಾಗಲಿಲ್ಲ. ಮಠಕ್ಕೆ ಕರೆದುಕೊಂಡು ಹೋಗಿ ಸ್ವಾಮಿಗಳ, ಅಂದರೆ ನಮ್ಮ ಬುದ್ಧಿಯವರ, ಕೈಲಿ ಮಗಳಿಗೆ ಶಾಲು ಹೊದಿಸಿದ. ಬುದ್ಧಿಯವರು ವಿಭೂತಿ ಹಚ್ಚಿ ಹರಸಿದರು. ಬಸ್‌ಸ್ಟಾಪಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ಅದರಲ್ಲಿ ಒಂದು ವಿಮಾನ, ಬಿಂದುವಿನ ಮುಖ, ಅದಕ್ಕಿಂತ ದೊಡ್ಡದಾಗಿ ಊರಿನ ಮುಖಂಡರ ಮುಖಗಳು.

"ಓಗಿ ಬಂದ್ಮೇಲೆ ಮಾಡ್ಬೋದಾಗಿತ್ತಲ್ಲೋ" ಅಂದೆ.

"ಓಗೋವಾಗ ತಾನೆ ಅಕ್ಕ ಅರಸೋದು? ಬಂದ್ಮೇಲೆ ಅರಸಿ ಏನ್ ಬಂತು?" ಅಂದ. ನಮ್ಮವರ ಪದ್ಧತಿಯೂ ಅದೇ.

ಆ ವಾರವೇ ಕಾಲೇಜಿನಿಂದ ಫೋನು. ಎರಡು ಸೀಟು ಒಂದಾಗಿದೆ, ಅದು ಅರ್ಪಿತಳಿಗೆ ಹೋಗಿದೆ ಅಂತ. ಅರ್ಪಿತ ಅಂದರೆ ಕಾಲೇಜಿನ ಸೆಕ್ರೆಟರಿಯ ತಮ್ಮನ ಮಗಳು. ಬಿಂದುವನ್ನು ಮುಂದಿನ ವರ್ಷ ನೋಡೋಣ ಅಂದರಂತೆ. ಓದು ಮುಗಿಸಿದ ಹುಡುಗಿಗೆ ಆ ಕಾಲೇಜಲ್ಲಿ ಮುಂದಿನ ವರ್ಷ ಎಲ್ಲಿಂದ ಬರಬೇಕು?

ಸಂಜೆ ಹೊತ್ತಿಗೆ ಶಿವಮಲ್ಲಪ್ಪ ಮಗಳನ್ನೂ ಸೂಟ್‌ಕೇಸನ್ನೂ ನನ್ನ ಮನೆಗೆ ತಂದು ಬಿಟ್ಟ.

"ಎರಡು ತಿಂಗಳು ಇಲ್ಲೇ ಇರ್ಲಿ ಅಕ್ಕ. ಆಚೆ ಕಾಲಿಡೋದು ಬ್ಯಾಡ. ಊರಲ್ಲಿ ಫಾರಿನ್ನಿಗೆ ಓದ್ಲು ಅಂತ ಏಳಿವ್ನಿ."

"ಸೀಟು ನುಂಗಿದೋರು ಅವ್ರು, ನೀನ್ಯಾಕ್ಲಾ ಬಚ್ಚಿಡ್ತೀಯ? ಊರೋರ ಮುಂದೆ ನಿಜ ಏಳು."

"ಬುದ್ಧಿಯೋರು ಶಾಲು ಒದ್ಸವ್ರೆ ಅಕ್ಕ. ಈಗ ಓಗ್ನಿಲ್ಲ ಅನ್ಲಾ? ಮಠದ ಮೆಟ್ಲು ಎಂಗ್ ಅತ್ಲಿ?"

ಬಿಂದು ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು. ಅಪ್ಪನಿಗೆ ಎದುರು ಮಾತಾಡಿ ಅಭ್ಯಾಸವಿಲ್ಲ.

ಏಪ್ರಿಲ್ ಬಿಸಿಲು. ಹೆಂಚಿನ ಮನೆ ಒಲೆಯ ಹಾಗೆ ಕಾಯುತ್ತಿತ್ತು. ಶಿವಮಲ್ಲಪ್ಪ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೂತು ಫೋನು ಮಾಡಿ ಸ್ಪೀಕರಿಗೆ ಹಾಕೋನು. "ಏನ್ ಮಗಾ, ಊಟ ಒಂದ್ಕೊಂತಾ? ಚಳಿ ಎಂಗದೆ?" ಬೀದಿಯಲ್ಲಿ ಸೊಪ್ಪಿನವಳು ಕೂಗೋದು ಕೇಳಿಸಿಬಿಟ್ಟೀತು ಅಂತ ಬಿಂದು ಒಳಗಿನ ಕೋಣೆಗೆ ಹೋಗಿ ಕಂಬಳಿ ಮುಸುಕು ಹಾಕಿಕೊಂಡು, "ತುಂಬಾ ಚಳಿ ಅಪ್ಪ, ಮಂಜು ಬಿದ್ದೈತೆ" ಅನ್ನೋಳು. ಆಚೆ ಬಂದಾಗ ಹಣೆಯಿಂದ ಬೆವರು ಸುರಿಯೋದು. ಮೊದಲ ಸಲ ನಾವಿಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ.

ಪಕ್ಕದ ಮನೆ ಸಿದ್ದಲಿಂಗಮ್ಮ ಒಂದು ದಿನ ಬಗ್ಗಿ ನೋಡಿದಳು. "ಯಾಕ್ ಚನ್ನಾಜಕ್ಕ, ಎಣ್ಣು ಆಚೆಗೇ ಬರಲ್ಲ?" ನನ್ನ ಬಾಯಿಗೆ ಬಂದದ್ದು, "ಕಾಮಾಲೆ ಕಣಮ್ಮ." ಮಾರನೇ ದಿನವೇ ನೆಲನೆಲ್ಲಿ ಅರೆದುಕೊಂಡು ಬಂದು, ಎದುರಿಗೇ ಕೂತು ಕುಡಿಸಿದಳು. ಬಿಂದು ಆ ಕಹಿಯನ್ನು ಒಂದು ಹನಿ ಬಿಡದೆ ಕುಡಿದಳು. ಆಮೇಲೆ ಕೇಳಿದಳು, "ಅತ್ತೆ, ನಾಳೆ ಮಕ್ಕಳಿಗೆ ಸುಳ್ಳು ಹೇಳ್ಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ?" ನಾನು ಮಜ್ಜಿಗೆ ಕೊಟ್ಟೆ.

ಜೂನ್ ಬಂತು. ಬಿಂದು ಫಾರಿನ್ನಿಂದ ಬಂದವಳ ಹಾಗೆ ಸೂಟ್‌ಕೇಸ್ ಹಿಡಿದು ಊರಿಗೆ ಹೋದಳು, ನಾನೂ ಜೊತೆಗೆ ಹೋದೆ. ಮಾರನೇ ದಿನ ಅಪ್ಪ, ಮಗಳು, ನಾನು ಸ್ಕೂಲಿಗೆ ಹೋದೆವು. ಮಹೇಂದ್ರ ಮೇಷ್ಟ್ರು ಎದ್ದು ನಿಂತು ಕುರ್ಚಿ ಹಾಕಿಸಿದರು.

"ಫಾರಿನ್ ಟ್ರೈನಿಂಗ್ ಆಗಿರೋರು ಈ ಗೆಸ್ಟ್ ಟೀಚರ್ ಕೆಲಸಕ್ಕೆ ಬರ್ತಾರಾ? ನೀವಿನ್ನು ಮೈಸೂರಿನ ದೊಡ್ಡ ದೊಡ್ಡ ಸ್ಕೂಲಿಗೆ ಹೋಗೋರು. ಈ ಜಾಗಕ್ಕೆ ನಾವು ಶ್ವೇತನ್ನ ಅಂದ್ಕೊಂಡಿದೀವಿ. ಬಡವರ ಹುಡುಗಿ, ಅವಳಿಗಾದ್ರೂ ಆಗ್ಲಿ."

ನನ್ನ ತಮ್ಮ ಮೀಸೆ ತಿರುವಿದ. "ದಿಟ ಸಾ. ನನ್ ಮಗಳ್ಗೆ ಇದ್ಯಾತಕ್ಕೆ? ಸುಮ್ನೆ ನಿಮ್ನ ಮಾತಾಡ್ಸ್ಕೊಂಡು ಓಗೋಣ ಅಂತ ಬಂದೋ."

ಆಗ ಬಿಂದು ಕುರ್ಚಿಯಿಂದ ಎದ್ದಳು. "ಸಾರ್, ನಾನು ಎಲ್ಲಿಗೂ ಹೋಗಿಲ್ಲ. ಸೀಟು ಬೇರೆಯವರಿಗೆ ಕೊಟ್ರು. ಹದಿನಾರಲ್ಲಿ ಅತ್ತೆ ಮನೇಲಿದ್ದೆ. ನಂಗೆ ಈ ಕೆಲಸ ಬೇಕು."

ಮೇಷ್ಟ್ರು ನನ್ನ ಮುಖ ನೋಡಿದರು. "ಹೂ ಸಾ, ನನ್ ಮನೇಲೇ ಇದ್ಲು" ಅಂದೆ. ಶಿವಮಲ್ಲಪ್ಪ, "ಇವ್ರಿಗೆ ತಲೆ ಕೆಟ್ಟದೆ ಸಾ" ಅಂತ ಎದ್ದು ಹೊರಟೇ ಹೋದ. ಮೇಷ್ಟ್ರು, "ಊರಿಗೆ ಊರನ್ನೇ ಎರಡು ತಿಂಗಳು ನಂಬಿಸಿದೋರನ್ನ ಮಕ್ಕಳ ಮುಂದೆ ಹೆಂಗಮ್ಮ ನಿಲ್ಲಿಸ್ಲಿ?" ಅಂದರು. ಸೀಟು ತಿಂದವರನ್ನು ಯಾರೂ ಹಾಗೆ ಕೇಳಲಿಲ್ಲ. ಅರ್ಪಿತ ಬಂದ ಮೇಲೆ ಕಾಲೇಜಿನಲ್ಲಿ ಮೈಕು ಹಿಡಿದು ಭಾಷಣ ಮಾಡಿದಳಂತೆ, ಹಾರ ಹಾಕಿದರಂತೆ.

ನಿಜ ಹೇಳಿದ ಮೇಲಾದರೂ ನಂಬಿದರಾ? ಅದೂ ಇಲ್ಲ. ಆ ದೇಶದಲ್ಲಿ ಏನೋ ಮಾಡಿಕೊಂಡಳು, ಅವರು ವಾಪಸ್ ಓಡಿಸಿದರು, ಅದನ್ನ ಮುಚ್ಚಿಹಾಕೋಕೆ ಈಗ ಫಾರಿನ್ನಿಗೆ ಹೋಗೇ ಇಲ್ಲ ಅಂತಾರೆ ಅಂತ ಹೆಡತಲೆಯಲ್ಲಿ ಮಾತಾಯಿತು. ಅಪ್ಪ ಮಗಳನ್ನು ಮಾತಾಡಿಸೋದು ಬಿಟ್ಟ. ಅವಳು ನನ್ನ ಮನೆಯಲ್ಲೇ ಇದ್ದಾಳೆ. ಬೆಳಿಗ್ಗೆ ಎದ್ದು ನಂಜನಗೂಡಿನ ಕಾರ್ಖಾನೆಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗ್ತಾಳೆ. ಬೇರೆ ಸ್ಕೂಲಿಗೆ ಅರ್ಜಿ ಹಾಕು ಅಂದರೆ, "ಹೂ ಅತ್ತೆ" ಅಂತಾಳೆ, ಹಾಕೋದಿಲ್ಲ.

ಮೊನ್ನೆ ಅವಳನ್ನು ನೋಡೋಕೆ ಗಂಡಿನ ಕಡೆಯವರು ಬಂದಿದ್ದರು. ಕಾಫಿ ಕುಡಿದು, ಗಂಡಿನ ತಾಯಿ ನನ್ನನ್ನು ಅಡುಗೆಮನೆಗೆ ಕರೆದು ಮೆತ್ತಗೆ ಕೇಳಿದಳು, "ಅಲ್ಲೇನಾಯ್ತು ಅಂತ ನಮ್ಗಾದ್ರೂ ಏಳ್ಬಿಡಿ."

"ಏನೂ ಆಗ್ಲಿಲ್ಲ ಕಣಮ್ಮ. ಅವ್ಳು ಓಗ್ಲೇ ಇಲ್ಲ. ಇಲ್ಲೇ, ಈ ಮನೇಲಿದ್ಲು."

ಅವಳು ನನ್ನ ಕೈ ಅದುಮಿ ನಕ್ಕಳು. "ಬಿಡಿ, ನಾವೂ ಎಣ್ಣು ಎತ್ತೋರೇ. ನಿಮ್ ಕಷ್ಟ ನಮ್ಗೆ ಅರ್ಥವಾಯ್ತದೆ."