ಸಿಲಿಂಡರಿನ ಬಾಯಿಗೆ ಹಚ್ಚಿದ ಎಣ್ಣೆ

ಅರವತ್ತರ ದಶಕದ ಆರಂಭದಲ್ಲಿ ಸಿರ್ಸಿಯ ನಮ್ಮ ಮನೆಯ ಮುಂಭಾಗದಲ್ಲೇ ಯಜಮಾನರ ವೆಲ್ಡಿಂಗ್ ಅಂಗಡಿ ಇತ್ತು. ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟರೆ ಡ್ರಮ್ಮಿನಲ್ಲಿ ನಾರುವ ಗ್ಯಾಸ್ ಹುಟ್ಟುತ್ತಿತ್ತು. ಅದರ ಉರಿಗೆ ಬಿರುಸು ಕೊಡುವ ಆಕ್ಸಿಜನ್ ಸಿಲಿಂಡರ್ ಮಾತ್ರ ಹುಬ್ಬಳ್ಳಿಯಿಂದ ಲಾರಿಯಲ್ಲಿ ಬರಬೇಕು. ಮದುವೆಯಾದ ಹೊಸತರಲ್ಲೇ ಯಜಮಾನರು ಹೇಳಿದ್ದರು: "ಕಾರ್ಬೈಡಿನ ಹತ್ರ ದೀಪ ತರಬ್ಯಾಡ. ಆಕ್ಸಿಜನ್ನಿಗೆ ಎಣ್ಣಿಗೈ ಹಚ್ಚಬ್ಯಾಡ. ಜಿಡ್ಡು ತಾಗಿದ್ರ ತಾನೇ ಹತ್ತಿಕೊಂಡು ಸಿಡೀತದ."

ಅದೇ ಮನೆಯಲ್ಲಿದ್ದ ಯಜಮಾನರ ಅಣ್ಣ, ನಮ್ಮ ಭಾವನವರಿಗೆ ಈ ಅಂಗಡಿ ಕಂಡರಾಗುತ್ತಿರಲಿಲ್ಲ. ನನ್ನನ್ನು ಕಂಡರೆ ಇನ್ನೂ ಆಗುತ್ತಿರಲಿಲ್ಲ. ಆದರೂ ಆಯುಧಪೂಜೆ ಮನೆಯ ಹಿರಿಯರದೇ. ಆ ವರ್ಷ ಯಜಮಾನರು ಕೆಲಸದ ಮೇಲೆ ಯಲ್ಲಾಪುರಕ್ಕೆ ಹೋಗಿದ್ದರು. ಭಾವನವರು ಪದ್ಧತಿಯಂತೆ ಕೊಡಲಿ, ಕತ್ತಿ, ಸುತ್ತಿಗೆಗೆಲ್ಲ ಎಣ್ಣೆ ಸವರಿ ಕುಂಕುಮವಿಟ್ಟರು. ನಾನು ನೈವೇದ್ಯ ತರುವಷ್ಟರಲ್ಲಿ ಸಿಲಿಂಡರಿನ ಬಾಯಿಯೂ ಎಣ್ಣೆಯಲ್ಲಿ ಮಿರುಗುತ್ತಿತ್ತು.

ಅದುವರೆಗೆ ಬಾಗಿಲ ಹಿಂದಿನಿಂದ ಮಾತಾಡುತ್ತಿದ್ದವಳು ಎದುರಿಗೇ ನಿಂತೆ. "ಭಾವನೋರ, ಅದು ಸಿಡೀತದ್ರಿ."

ಅವರು ಹೆಂಡತಿಯ ಕಡೆ ತಿರುಗಿದರು. "ಪೂಜಿ ಮಾಡಿದ್ದು ಸಿಡೀತದಂತ. ಮತ್ತ ಇಕಿ ದಿನಾ ಲಿಂಗಪೂಜಿ ಯಾತಕ್ಕ ಮಾಡ್ತಾಳ?"

ನೆಗೆಣ್ಣಿ ನಕ್ಕಳು. "ಗಂಡ ಬೆಂಕಿ ಊದ್ತಾನ, ಹೆಂಡತಿ ಬುದ್ಧಿ ಊದ್ತಾಳ."

ಮರುದಿನ ವಿಜಯದಶಮಿ, ಕೆಲಸ ಶುರುಮಾಡುವ ಶುಭದಿನ. ಗಾಡಿಯ ಮುರಿದ ಅಚ್ಚು ತಂದ ಹುಲಗೋಳದ ರೈತನೊಬ್ಬ ಬೆಳಿಗ್ಗೆಯೇ ಕಟ್ಟೆಯ ಮೇಲೆ ಕೂತಿದ್ದ. ಯಜಮಾನರು ಬಸ್ಸಿಳಿದವರೇ ಅವಸರದಲ್ಲಿ ಸಿಲಿಂಡರ್ ತಿರುವಿದರೆ? ನಾನು ಅದನ್ನು ತೆರೆಯುವ ಕೀಲಿ ತೆಗೆದು ನಡುವಿಗೆ ಸಿಕ್ಕಿಸಿಕೊಂಡೆ.

"ಕೀಲಿ ಇಡು" ಎಂದರು ಭಾವನವರು.

"ಅವರು ಬರಲಿ, ಅವರ ಕೈಗೇ ಕೊಡ್ತೀನ್ರಿ."

"ಹಂಗಾರ ಇವತ್ತಿಂದ ಈ ಮನಿ ಒಲಿ ಮುಟ್ಟಬ್ಯಾಡ."

ಮುಟ್ಟಲಿಲ್ಲ. ಹಬ್ಬದ ದಿನ ಉಪವಾಸ ಕೂತು ಶಿವನಾಮ ಹೇಳಿದೆ. ಯಜಮಾನರು ಬಂದು, ನನ್ನ ಮಾತು ಕೇಳಿ, ಸಿಲಿಂಡರಿನ ಬಾಯಿ ನೋಡಿದರು. ಮುಖ ಬಿಳಿಚಿತು. ಒರೆಸಲೂ ಹೋಗಲಿಲ್ಲ, ಹಾಗೆಯೇ ಹುಬ್ಬಳ್ಳಿಗೆ ವಾಪಸು ಕಳಿಸಿದರು. ರೈತ ಅಚ್ಚು ಹೊತ್ತು ಹೋದ.

"ಹಬ್ಬದ ದಿನ ಬಂದ ಗಿರಾಕಿ ಹಂಗ ಹೋದ, ಇಕಿ ಕಾಲ್ಗುಣ" ಎಂದು ಭಾವನವರು ಬೀದಿಗೆ ಕೇಳುವಂತೆ ಹೇಳಿದರು.

ಆ ಸಂಜೆ ಹಿತ್ತಿಲಲ್ಲಿ ಕಲ್ಲು ಹೂಡಿ ಗಂಜಿ ಬೇಯಿಸಿದೆ. ನೆಗೆಣ್ಣಿ ಹಿತ್ತಿಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಕೊಂಡಳು. ಮಳೆ ಬರಲಿಲ್ಲ, ಕಟ್ಟಿಗೆ ಒಣಗಿತ್ತು, ಯಜಮಾನರು ಸುಡದೆ ಉಳಿದ ಎರಡೂ ಕೈಯಲ್ಲಿ ತಟ್ಟೆ ಹಿಡಿದು ಗಂಜಿ ಕುಡಿದರು. ಶಿವನಿಗೆ ಕೈಮುಗಿದೆ. ಭಾವನವರನ್ನು ಮಾತ್ರ ಮತ್ತೆಂದೂ ಮಾತಾಡಿಸಲಿಲ್ಲ.