ರೊಟ್ಟಿ ಬಡಿಯುವ ಸದ್ದು

ಉಣಿಸಿದ ಕೈಗಳಿಗೆ, ಉಂಡು ತಣಿದ ಹೊಟ್ಟೆಗಳಿಗೆ, ಇವೆರಡರ ನಡುವೆ ಅನ್ನವಾಗಿ ನಿಂತ ಶಿವನಿಗೆ ಮೊದಲು ಶರಣು. ಈಗ ಅಣ್ಣಿಗೇರಿಯ ನಮ್ಮ ಮನೆಗೆ ಯಂತ್ರದ ರೊಟ್ಟಿ ಪೊಟ್ಟಣದಲ್ಲಿ ಬರುತ್ತದೆ. ಆದರೂ ಅಜ್ಜಿಯ ಋಣವನ್ನು ನೆನೆಯದೆ ನಾನು ತುತ್ತೆತ್ತುವುದಿಲ್ಲ.

ತಿರ್ಲಾಪುರದಲ್ಲಿ ಅಜ್ಜ ತೀರಿಕೊಂಡ ಮೇಲೆ ಮೈದುನರು ಅಜ್ಜಿಯನ್ನು ಹೊಲದಿಂದಲೂ ಒಲೆಯಿಂದಲೂ ದೂರ ಮಾಡಿದರು. ತಬ್ಬಲಿಯಾದ ನನ್ನನ್ನು ಕಟ್ಟಿಕೊಂಡು ಅವಳು ಹುಬ್ಬಳ್ಳಿಯ ಗಿರಣಿ ಚಾಳಿಗೆ ಬಂದಳು. ಒಂದೇ ಖೋಲಿ; ಒಂದು ಮೂಲೆಗೆ ದೇವರ ಜಗಲಿ, ಇನ್ನೊಂದಕ್ಕೆ ಒಲೆ. ಬೆಳಗಿನ ಪಾಳಿಗೆ ಗಿರಣಿಯ ಭೋಂಗಾ ಕೂಗುವ ಮುನ್ನ ಕೆಲಸಗಾರರ ಬುತ್ತಿಗೆ ರೊಟ್ಟಿ ಬಡಿದು ಕೊಡುವುದೇ ನಮ್ಮ ಜೀವನಾಧಾರ. ಇಷ್ಟಲಿಂಗದ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವುದರೊಳಗೆ ಅವಳ ಕೈ ಹಿಟ್ಟಿನಲ್ಲಿರುತ್ತಿತ್ತು.

ಪಕ್ಕದ ಖೋಲಿಯವನು ಎರಡನೆಯ ಪಾಳಿ ಮುಗಿಸಿ ನಡುರಾತ್ರಿ ಬಂದು ಮಲಗುವವನು. ನಡುವಿನ ಗೋಡೆ ಬರೀ ತಗಡು. ರೊಟ್ಟಿ ಬಡಿಯುವ ಸದ್ದಿಗೆ ಎಚ್ಚರಾಗಿ ಅವನು ಅದನ್ನು ಒದೆಯುತ್ತಿದ್ದ.

“ಏ ಮುದುಕಿ, ನಿನ್ನ ಕೈ ಮುರೀಲಿ! ಮಂದಿ ಮಲಗೂದು ಬ್ಯಾಡೇನು?”

“ದೇವರೇ ಎದ್ದು ಕುಂತಾನ, ನೀ ಯಾವ ಗಿಡದ ತಪ್ಪಲಾ?”

ಅವನು ಚಾಳಿನ ಮಾಲೀಕನಿಗೆ ದೂರಿದ. ಮಾಲೀಕ ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟ: “ಲಟ್ಟಣಿಗೀಲೆ ಮಾಡಬೇ, ಸಪ್ಪಳಿರೂದಿಲ್ಲ. ಇಲ್ಲಂದ್ರ ಖೋಲಿ ಬಿಡು.”

“ಬಿಟ್ಟು ಎಲ್ಲಿಗೆ ಹೋಗ್ಲಿರಿ?”

“ಅದನ್ನ ನಿನ್ನ ದೇವರಿಗೆ ಕೇಳು.”

ಮರುದಿನ ಅಜ್ಜಿ ಲಟ್ಟಿಸಿದಳು. ಜೋಳದ ರೊಟ್ಟಿಯ ಅಂಚೆಲ್ಲ ಬಿರಿಯಿತು. ಸಂಜೆ ಕೆಲಸಗಾರನೊಬ್ಬ ಬುತ್ತಿಯನ್ನು ಹಾಗೆಯೇ ತಂದಿಟ್ಟ: “ಇವು ರೊಟ್ಟಿ ಅಲ್ಲವ್ವಾ, ಮಿಷಿನ್ನಿನ ಚರ್ಮದ ಪಟ್ಟಾ. ನಾಳಿಂದ ಬ್ಯಾಡ್ರಿ.”

ಮಾರನೆಯ ನಸುಕಿನಲ್ಲಿ ಅವಳು ಹಿಟ್ಟು, ಹಂಚು, ಮರದ ಪರಾತವನ್ನು ಹೊತ್ತೊಯ್ದು, ಚಾಳಿನ ಅಂಗಳದಲ್ಲಿ ಮಾಲೀಕನ ಮನೆಯ ಕಿಟಕಿಯ ಕೆಳಗೇ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯತೊಡಗಿದಳು. ಮಾಲೀಕ ಧೋತರ ಹಿಡಿದುಕೊಂಡೇ ಹೊರಗೆ ಬಂದ.

“ಹುಚ್ಚು ಹಿಡದೈತೇನಬೇ ನಿನಗ?”

“ಖೋಲ್ಯಾಗ ಬ್ಯಾಡ ಅಂದ್ರಿ. ಅಂಗಳದ ಮಾತು ನೀವೆತ್ತಲಿಲ್ರಿ.”

ವಾರವೆಲ್ಲ ಇದೇ ನಡೆಯಿತು. ಕೊನೆಗೆ ಪಾಯಖಾನೆಗಳ ಪಕ್ಕದಲ್ಲಿ ಯಾರೂ ಹಿಡಿಯದೆ ಉಳಿದಿದ್ದ ಖೋಲಿಯ ಕೀಲಿಕೈಯನ್ನು ಅವನು ಅವಳ ಕಾಲ ಬಳಿ ಎಸೆದ. “ಅಲ್ಲಿ ಹೋಗಿ ಬಡಕೋ.” ಅದು ಅವಮಾನವೆಂಬುದು ಅವಳಿಗೆ ತಿಳಿಯದೆ ಇರಲಿಲ್ಲ. ಖೋಲಿ ತೊಳೆದಳು, ಸಗಣಿ ಸಾರಿಸಿದಳು, ಮೊದಲು ದೇವರನ್ನು ಕೂಡಿಸಿ ಆಮೇಲೆ ಒಲೆ ಹೂಡಿದಳು. ಬುತ್ತಿಯವರು ಮೂಗು ಮುಚ್ಚಿಕೊಂಡು ಮರಳಿ ಬಂದರು. ಆ ನಾತದಲ್ಲಿಯೇ ನಾನು ಸಂಸ್ಕೃತ ಪಾಠಶಾಲೆಯ ಶ್ಲೋಕಗಳನ್ನು ಬಾಯಿಪಾಠ ಮಾಡಿದೆ.

ನನಗೆ ಅಣ್ಣಿಗೇರಿಯಲ್ಲಿ ಮಾಸ್ತರಿಕೆ ಸಿಕ್ಕು ಚಾಳು ಬಿಡುವ ದಿನ, ಹಳೆಯ ನೆರೆಯವನು ನಳದ ಬಳಿ ನಿಂತಿದ್ದ.

“ಹೋಗಬೇ, ಇನ್ನಾರ ಸುಖಾ ನಿದ್ದಿ ಮಾಡ್ತೀನಿ.”

“ಮಾಡಪಾ. ಏಳೂದ ಬ್ಯಾಡ.”

ರೊಟ್ಟಿ ಉಂಡವರಿಗೆ, ಹಿಂದಿರುಗಿಸಿದವನಿಗೆ, ಕೀಲಿಕೈ ಎಸೆದವನಿಗೆ, ತಗಡು ಒದ್ದವನಿಗೆ ಶಿವನು ಲೇಸನ್ನೇ ಮಾಡಲಿ. ಅಜ್ಜಿ ಕೊನೆಯುಸಿರಿನವರೆಗೂ ಇವರನ್ನು ಹರಸಲಿಲ್ಲ. ಆ ಕೆಲಸ ನನಗೆ ಉಳಿದಿತ್ತು, ಹರಸಿದ್ದೇನೆ.