ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಹುಲಗೋಳದ ಹೆಗಡೇರ ಹಳೇ ಅಮೆರಿಕನ್ ಕಾರಿಗೆ ಶಿರಸಿಯ ನನ್ನ ಗ್ಯಾರೇಜಿನಲ್ಲಿ ಹೊಸ ಕ್ಲಚ್, ಹೊಸ ಸೀಟು ಕೂರಿಸಿದ್ದೆ. ನಾನು ಪೆಡಲ್ ಒತ್ತಿದರೆ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಗೇರು ಬೀಳುತ್ತಿತ್ತು. ಅವರು ಒತ್ತಿದರೆ ಕರಕರ! ಗ್ಯಾರೇಜಿನ ಬಾಗಿಲಲ್ಲಿ ನಿಂತ ಕಾರಿನಡಿ ಮೂರು ಸಲ ತೂರಿದರೂ ತಪ್ಪು ಕಾಣಲಿಲ್ಲ. ನಾಲ್ಕನೇ ಸಲ ಅವರ ಚಪ್ಪಲಿ ಮೂಗಿಗೇ ತಾಗಿತು. ಹತ್ತುವ ಮೊದಲು ಬಿಚ್ಚಿಟ್ಟಿದ್ದರು!

“ಹೊಸಾ ಸೀಟು ತಮಾ, ಚಪ್ಪಲಿ ಹಾಕ್ಯಂಡು ಹತ್ತಲಾಗ್ತಾ?”

ಚಪ್ಪಲಿಯ ದಪ್ಪವಿಲ್ಲದ ಬರಿಗಾಲಿಗೆ ಪೆಡಲ್ ಪೂರ್ತಿ ಎಟುಕುತ್ತಿರಲಿಲ್ಲ. ನಾನೂ ಬೂಟು ಕಳಚಿ ಅವರ ಚಪ್ಪಲಿಯ ಪಕ್ಕ ಇಟ್ಟು, ಬರಿಗಾಲಿನ ಅಳತೆಗೆ ಪೆಡಲಿನ ರಾಡು ಹೊಂದಿಸಿದೆ. ಅವರು ಒತ್ತಿದರೂ ಗೇರು ಬಿದ್ದೇ ಬಿತ್ತು! ಖುಷಿಗೆ ಕೇಕೆ ಹಾಕುತ್ತ ಬನವಾಸಿಯವರೆಗೂ ಹೋದೆವು. ಅಲ್ಲಿ ಇಳಿದು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಇಬ್ಬರೂ ಕುಣಿದೆವು.

ಮರಳಿ ಬಂದರೆ ಗ್ಯಾರೇಜಿನಲ್ಲಿ ನಾಲ್ಕು ಗಿರಾಕಿಗಳು. ಬಾಗಿಲಲ್ಲಿ ಎರಡು ಜೊತೆ ಕಂಡು, ನಾವು ಒಳಗೇ ಇದ್ದೇವೆಂದು ಕಾಯುತ್ತಿದ್ದರು. ಆ ಗ್ರೀಸು ಮೆತ್ತಿದ ನೆಲಕ್ಕೆ ಅವರೂ ಚಪ್ಪಲಿ ಬಿಟ್ಟೇ ಬಂದಿದ್ದರು!